ಪ್ಯಾಕೆಟ್ ಹಿಂದೆ ‘ಕೊಲೆಸ್ಟ್ರಾಲ್ 0’ ಅಂತಿದೆ, ಹಾಗಾದರೆ ಅಪ್ಪ ತಿನ್ನಬಹುದಾ?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 162 ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕರಿದದ್ದು, ಬೇಕರಿ ತಿಂಡಿ ಕಡಿಮೆ ಮಾಡಿ, ಪ್ಯಾಕೆಟ್ ತಿಂಡಿ ತಂದರೆ ಹಿಂದೆ ಬರೆದಿರೋದನ್ನು ಓದಿ ಅಂದರು. ಏನು ಓದಬೇಕು ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು.

ಅಪ್ಪನಿಗೆ ಬೆಳಿಗ್ಗೆ ಮೂರು, ಸಂಜೆ ಮೂರು ಬಿಸ್ಕತ್ತು ಬೇಕೇ ಬೇಕು. ಕಾಫಿ ಜೊತೆ. ಗೋಡಂಬಿ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿದೆ. ಕೊಲೆಸ್ಟ್ರಾಲ್ 0 ಮಿಲಿಗ್ರಾಂ ಅಂತಿದೆ. ಸಮಾಧಾನ ಆಯಿತು. ಆದರೆ ಅದರ ಮೇಲಿನ ಸಾಲಲ್ಲಿ ಸ್ಯಾಚುರೇಟೆಡ್ ಫ್ಯಾಟ್ 10.5 ಗ್ರಾಂ ಅಂತಿದೆ. ಇದು ಜಾಸ್ತಿನಾ, ಕಡಿಮೆನಾ? ಯಾವ ಸಾಲನ್ನು ನಂಬಬೇಕು?

ಇನ್ನೊಂದು ವಿಷಯ. ಅಪ್ಪ ಕನ್ನಡ ಚೆನ್ನಾಗಿ ಓದುತ್ತಾರೆ, ಪೇಪರ್ ಒಂದಕ್ಷರ ಬಿಡುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ. ನಾನು ಬೆಂಗಳೂರಿನಲ್ಲಿ ಇರುವುದರಿಂದ ಪ್ರತಿ ಸಲ ಓದಿ ಹೇಳುವುದಕ್ಕೂ ಆಗುತ್ತಿಲ್ಲ. ದಯವಿಟ್ಟು ಗೊತ್ತಿರುವವರು ತಿಳಿಸಿ.

ಮೈಸೂರು ಡಯಟಿಷಿಯನ್:
ನಿಮ್ಮ ಪ್ರಶ್ನೆ ನನ್ನ ಹತ್ತಿರ ವಾರಕ್ಕೆ ಹತ್ತು ಜನ ಕೇಳುವ ಪ್ರಶ್ನೆ. ನೀವು ಮೇಲಿನ ಸಾಲನ್ನೂ ನೋಡಿದ್ದೀರಲ್ಲ, ಅದೇ ಸರಿ. ಆ ಸಾಲೇ ಮುಖ್ಯ.

ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ: ಹಾಲು, ಬೆಣ್ಣೆ, ತುಪ್ಪ, ಮೊಟ್ಟೆಯ ಹಳದಿ, ಮಾಂಸ, ಮೀನು, ಸಿಗಡಿ. ಗೋಧಿ, ಸಕ್ಕರೆ, ತಾಳೆ ಎಣ್ಣೆಯಿಂದ ಮಾಡಿದ ಬಿಸ್ಕತ್ತಿನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಆ ಸೊನ್ನೆ ನಿಜವೇ. ಆದರೆ ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಪಾಲು ನಮ್ಮ ಲಿವರೇ ಮಾಡಿದ್ದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವುದೂ ಲಿವರೇ. ಸ್ಯಾಚುರೇಟೆಡ್ ಫ್ಯಾಟ್, ಅಂದರೆ ತುಪ್ಪ, ಡಾಲ್ಡಾ, ತಾಳೆ ಎಣ್ಣೆಯಲ್ಲಿ ಹೆಚ್ಚಿರುವ ಕೊಬ್ಬು, ಜಾಸ್ತಿ ತಿಂದರೆ ಈ ಹಿಡಿಯುವ ಕೆಲಸ ನಿಧಾನವಾಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಎಣ್ಣೆಯನ್ನು ಡಾಲ್ಡಾ ಥರ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಫ್ಯಾಟ್ ಇನ್ನೂ ಕೆಟ್ಟದ್ದು, ಅದು ಒಳ್ಳೆಯ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ.

ನಮ್ಮ ದೇಶದ ಲೇಬಲ್ ನಿಯಮದಲ್ಲಿ ದಿನಕ್ಕೆ 2000 ಕ್ಯಾಲೊರಿ ಲೆಕ್ಕ ಇಟ್ಟುಕೊಂಡು ಸ್ಯಾಚುರೇಟೆಡ್ ಫ್ಯಾಟ್ 22 ಗ್ರಾಂ, ಟ್ರಾನ್ಸ್ ಫ್ಯಾಟ್ 2 ಗ್ರಾಂ, ಸೋಡಿಯಂ (ಉಪ್ಪಿನಲ್ಲಿರುವುದು) 2000 ಮಿಲಿಗ್ರಾಂ ಅಂತ ಮಿತಿ ಇಟ್ಟಿದ್ದಾರೆ. ಇದು ಆರೋಗ್ಯವಾಗಿ ಇರುವವರಿಗೆ. ಎಲ್‌ಡಿಎಲ್ ಏರಿರುವವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು ಸುಮಾರು 13 ಗ್ರಾಂ. ನಾನೂ ಅಷ್ಟರ ಸುತ್ತಮುತ್ತಲೇ ಇರಿ ಅನ್ನುತ್ತೇನೆ.

ಈಗ ಅಪ್ಪನ ಲೆಕ್ಕ. ಒಂದು ಬಿಸ್ಕತ್ತು 9 ಗ್ರಾಂ ಅಂದುಕೊಳ್ಳಿ. ಆರು ಅಂದರೆ 54 ಗ್ರಾಂ. 100 ಗ್ರಾಂಗೆ 10.5 ಇದ್ದರೆ, ಆರಕ್ಕೆ 5.7 ಗ್ರಾಂ. ಹದಿಮೂರರಲ್ಲಿ ಆರು ಬರೀ ಕಾಫಿ ಜೊತೆಗೇ ಮುಗಿಯಿತು. ಊಟ, ತಿಂಡಿ, ಹಾಲು ಇನ್ನೂ ಬಾಕಿ.

ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಊಟ ಸರಿ ಮಾಡಿಕೊಂಡೆ, ಇನ್ನೇಕೆ ಮಾತ್ರೆ ಅಂತ ಬಿಟ್ಟವರನ್ನು ನೋಡಿದ್ದೇನೆ.

ಧಾರವಾಡ ಪೇಢಾ:
ಅಕ್ಕಾರ, ಒಂದು ಮಾತು ಸೇರಿಸುತ್ತೇನೆ. ‘ಪರ್ ಸರ್ವ್’ ಅನ್ನುವ ಕಾಲಂ ನೋಡಿ ನಾನು ಎರಡು ವರ್ಷ ಮೋಸ ಹೋದೆ.

ನಮ್ಮ ಮನೆಯಲ್ಲಿ 200 ಗ್ರಾಂನ ಖಾರಾ ಪ್ಯಾಕೆಟ್ ತರುತ್ತಿದ್ದೆವು. ಅದರ ಹಿಂದೆ ಒಂದು ಸರ್ವ್‌ಗೆ ಸ್ಯಾಚುರೇಟೆಡ್ ಫ್ಯಾಟ್ 4.5 ಗ್ರಾಂ ಅಂತ ಇತ್ತು. ಪರವಾಗಿಲ್ಲ ಅಂತ ತಿನ್ನುತ್ತಿದ್ದೆ. ಒಂದು ದಿನ ನನ್ನ ಮಗಳು, ಎಂಟನೇ ಕ್ಲಾಸ್, ಅಪ್ಪಾ ಸರ್ವ್ ಅಂದರೆ 30 ಗ್ರಾಂ ಅಂತ ಇಲ್ಲಿ ಸಣ್ಣದಾಗಿ ಬರೆದಿದ್ದಾರೆ ಅಂತ ತೋರಿಸಿದಳು. ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೂಗಿ ಇಟ್ಟಳು. ಎರಡು ಮುಷ್ಟಿ ಇಲ್ಲ! ಮ್ಯಾಚ್ ನೋಡುತ್ತಾ ನಾನು ಅರ್ಧ ಪ್ಯಾಕೆಟ್ ಮುಗಿಸುವವನು. ಅಂದರೆ 100 ಗ್ರಾಂ, 15 ಗ್ರಾಂ ಸ್ಯಾಚುರೇಟೆಡ್. ಒಂದೇ ಸಂಜೆಯಲ್ಲಿ.

ಈಗ ಸರ್ವ್ ಕಾಲಂ ನೋಡುವುದೇ ಇಲ್ಲ. 100 ಗ್ರಾಂ ಕಾಲಂ ಮಾತ್ರ. ಎರಡು ಪ್ಯಾಕೆಟ್ ಹೋಲಿಸಲಿಕ್ಕೂ ಅದೇ ಬೇಕು. ಒಬ್ಬರು 20 ಗ್ರಾಂ ಸರ್ವ್ ಅಂತಾರೆ, ಇನ್ನೊಬ್ಬರು 35 ಅಂತಾರೆ.

ಪ್ಯಾಕೆಟ್ ಒಡೆದು ಹಾಗೇ ಮುಂದಿಟ್ಟುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಬಟ್ಟಲಿಗೆ ಹಾಕಿಕೊಂಡು ಪ್ಯಾಕೆಟ್ ಒಳಗಿಟ್ಟು ಬರುತ್ತೇನೆ. ಇದರಿಂದ ಆದ ಉಪಯೋಗ ದೊಡ್ಡದು.

ನಿವೃತ್ತ ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ನನ್ನದೊಂದು ಸಂಶಯ. ಹಸಿರು ಚುಕ್ಕಿ ಇದ್ದರೆ ಹೃದಯಕ್ಕೆ ಒಳ್ಳೆಯದು ಅಂತ ನಮ್ಮ ಓಣಿಯಲ್ಲಿ ಬಹಳ ಜನ ನಂಬಿದ್ದಾರೆ. ಅದು ಸರಿಯೇ?

ಮತ್ತೆ, ನಮ್ಮ ಅಜ್ಜ ದಿನಾ ತುಪ್ಪ ಹಾಕಿಕೊಂಡು ಊಟ ಮಾಡಿ 90 ದಾಟಿದರು. ತುಪ್ಪದ ಡಬ್ಬಿ ಮೇಲೆ ಸ್ಯಾಚುರೇಟೆಡ್ ಎಷ್ಟಿದೆ ನೋಡಿದರೆ ಗಾಬರಿ ಆಗುತ್ತದೆ. ಹಾಗಾದರೆ ನಮ್ಮ ಹಿರಿಯರು ತಪ್ಪು ಮಾಡಿದರೇ?

ಮೈಸೂರು ಡಯಟಿಷಿಯನ್:
ಮೇಷ್ಟ್ರೇ, ಹಸಿರು ಚುಕ್ಕಿ ಸಸ್ಯಾಹಾರ ಅನ್ನುವುದಷ್ಟನ್ನೇ ಹೇಳುತ್ತದೆ. ವನಸ್ಪತಿಗೂ (ಡಾಲ್ಡಾ) ಹಸಿರು ಚುಕ್ಕಿ, ಹೆಸರುಕಾಳಿಗೂ ಹಸಿರು ಚುಕ್ಕಿ. ನೀವು ಓಣಿಯವರಿಗೆ ಖಂಡಿತ ಹೇಳಿ, ನಿಮ್ಮ ಮಾತು ಕೇಳುತ್ತಾರೆ.

ನಿಮ್ಮ ಅಜ್ಜ ತಪ್ಪು ಮಾಡಲಿಲ್ಲ ಸರ್. ಅವರು ದಿನವಿಡೀ ನಡೆದರು, ದುಡಿದರು. ಅವರ ತಟ್ಟೆಯಲ್ಲಿ ತುಪ್ಪ ಬಿಟ್ಟರೆ ಬೇರೆ ಕೊಬ್ಬು ಹೆಚ್ಚು ಇರಲಿಲ್ಲ. ರಾಗಿ, ಕಾಳು, ಸೊಪ್ಪು ಇತ್ತು. ನಮ್ಮ ತಟ್ಟೆಯಲ್ಲಿ ತುಪ್ಪದ ಜೊತೆಗೆ ಬಿಸ್ಕತ್ತು, ಖಾರಾ, ಪಫ್ಸ್, ಎರಡು ಲೋಟ ಗಟ್ಟಿ ಹಾಲಿನ ಕಾಫಿ ಎಲ್ಲ ಸೇರಿದೆ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ ಸ್ಯಾಚುರೇಟೆಡ್ ಇದೆ. ಬಿಸಿ ಅನ್ನಕ್ಕೆ ಆ ಒಂದು ಚಮಚ ಬೇಕು ಅನ್ನಿಸಿದರೆ ಬಿಸ್ಕತ್ತು ಬಿಡಿ. ನಾನು ಆ ಅದಲು ಬದಲನ್ನು ಸಂತೋಷದಿಂದ ಒಪ್ಪುತ್ತೇನೆ.

ಉಡುಪಿ ಕಡೆಯವಳು:
ನನ್ನದು ಸ್ವಲ್ಪ ಬೇಸರದ ವಿಷಯ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ಒಗ್ಗರಣೆಗೆ ಅದೇ, ಮೀನು ಹುರಿಯಲು ಅದೇ. ಬಾಟಲಿ ಮೇಲೆ ದೊಡ್ಡದಾಗಿ ಕೊಲೆಸ್ಟ್ರಾಲ್ ಇಲ್ಲ ಅಂತ ಉಂಟು. ಹಿಂದೆ ನೋಡಿದರೆ 100 ಗ್ರಾಂಗೆ ಸ್ಯಾಚುರೇಟೆಡ್ 90ರ ಹತ್ತಿರ! ತುಪ್ಪಕ್ಕಿಂತ ಜಾಸ್ತಿ ಅಲ್ವಾ? ಅಮ್ಮನಿಗೆ ಹೇಳಿದರೆ ನೀನು ಹುಟ್ಟಿದಾಗಿನಿಂದ ತಿಂದದ್ದು ಇದನ್ನೇ ಅಂತಾರೆ. ಅವರಿಗೆ ಏನು ಉತ್ತರ ಹೇಳುವುದು ಮಾರಾಯ್ರೆ?

ಮೈಸೂರು ಡಯಟಿಷಿಯನ್:
ನಿಮ್ಮ ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ತೆಂಗಿನೆಣ್ಣೆ ಎಚ್‌ಡಿಎಲ್ ಅನ್ನೂ ಸ್ವಲ್ಪ ಏರಿಸುತ್ತದೆ, ಆದರೆ ಸೂರ್ಯಕಾಂತಿ, ಕಡಲೆಕಾಯಿ ಥರದ ಎಣ್ಣೆಗಳಿಗೆ ಹೋಲಿಸಿದರೆ ಎಲ್‌ಡಿಎಲ್ ಅನ್ನು ಜಾಸ್ತಿ ಮಾಡುತ್ತದೆ. ಒಂದು ಟೀ ಚಮಚಕ್ಕೆ 4 ಗ್ರಾಂ ಸ್ಯಾಚುರೇಟೆಡ್ ಲೆಕ್ಕ ಇಡಿ.

ಮನೆಯಲ್ಲಿ ಯಾರಿಗೂ ತೊಂದರೆ ಇಲ್ಲದಿದ್ದರೆ ರುಚಿಗಾಗಿ ಒಗ್ಗರಣೆಗೆ ಅದನ್ನೇ ಇಟ್ಟುಕೊಳ್ಳಿ. ಹುರಿಯಲು, ಪಲ್ಯಕ್ಕೆ ಬೇರೆ ಎಣ್ಣೆ ಬಳಸಿ. ಎಲ್‌ಡಿಎಲ್ ಜಾಸ್ತಿ ಇರುವವರು ಮನೆಯಲ್ಲಿದ್ದರೆ ಇನ್ನೂ ಕಡಿಮೆ. ಸುಮಾರಾಗಿ ಹೇಳುವುದಾದರೆ ಕುಸುಬೆ ಎಣ್ಣೆಯಲ್ಲಿ 100ಕ್ಕೆ ಹತ್ತರ ಒಳಗೆ, ಸೂರ್ಯಕಾಂತಿಯಲ್ಲಿ 11ರ ಹತ್ತಿರ, ಎಳ್ಳೆಣ್ಣೆಯಲ್ಲಿ 15, ಕಡಲೆಕಾಯಿ ಎಣ್ಣೆಯಲ್ಲಿ 18, ಪಾಮೋಲಿನ್‌ನಲ್ಲಿ (ತಾಳೆ ಎಣ್ಣೆಯ ತಿಳಿ ಭಾಗ) 40ಕ್ಕೂ ಮೇಲೆ. ಇವು ಯಾವುದರಲ್ಲೂ ಕೊಲೆಸ್ಟ್ರಾಲ್ ಇಲ್ಲ. ಬಾಟಲಿ ಮುಂದೆ ಬರೆದ ಆ ಮಾತಿನಿಂದ ಯಾವ ಎಣ್ಣೆ ಒಳ್ಳೆಯದು ಅಂತ ಗೊತ್ತಾಗುವುದಿಲ್ಲ ಅನ್ನುವುದು ಇದಕ್ಕೇ.

ಧಾರವಾಡ ಪೇಢಾ:
ಕುಸುಬೆ ಎಣ್ಣೆ ನಮ್ಮ ಕಡೆಯದು! ನಮ್ಮವ್ವ ಗಾಣದಿಂದ ತರಿಸುತ್ತಿದ್ದಳು. ಈಗ ಮನೆಯಲ್ಲಿ ಎಲ್ಲರೂ ಮರೆತಿದ್ದಾರೆ. ಈ ಭಾನುವಾರ ಹುಡುಕುತ್ತೇನೆ.

ಬೇಕರಿ ಮನೆಯವನು:
ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮದು ಸಣ್ಣ ಬೇಕರಿ, ತಂದೆಯ ಕಾಲದ್ದು. ಅಪ್ಪನಿಗೆ 58ನೇ ವಯಸ್ಸಿಗೆ ಸ್ಟೆಂಟ್ ಹಾಕಿದರು. ಆಮೇಲೆ ನಾನು ಕಣ್ಣು ಬಿಟ್ಟೆ.

ಪ್ಯಾಕೆಟ್‌ಗಾದರೂ ಲೇಬಲ್ ಇದೆ. ಗಾಜಿನ ಭರಣಿಯಲ್ಲಿ ಇಟ್ಟು ತೂಗಿ ಕೊಡುವ ಖಾರಾ ಬಿಸ್ಕತ್ತಿಗೆ, ಬೆಣ್ಣೆ ಬಿಸ್ಕತ್ತಿಗೆ ಏನೂ ಇಲ್ಲ. ನಮ್ಮ ಅಂಗಡಿಯ ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆ ಇರಲಿಲ್ಲ, ಡಾಲ್ಡಾ ಇತ್ತು. ಪಫ್ಸ್ ಪದರ ಪದರವಾಗಿ ಬರಬೇಕಾದರೆ ಒಂದು ಕೆಜಿ ಮೈದಾಕ್ಕೆ ಅರ್ಧ ಕೆಜಿಗೂ ಜಾಸ್ತಿ ಮಾರ್ಗರಿನ್ (ಬೆಣ್ಣೆಯ ಥರದ ಗಟ್ಟಿ ಕೊಬ್ಬು) ಮಡಚಿ ಮಡಚಿ ಲಟ್ಟಿಸಬೇಕು. ಒಳಗೆ ತರಕಾರಿ ಪಲ್ಯ ಇದ್ದರೂ ನೀವು ತಿನ್ನುವುದು ಆ ಪದರವನ್ನು.

ಟ್ರಾನ್ಸ್ ಫ್ಯಾಟ್ ವಿಷಯದಲ್ಲಿ ಒಳ್ಳೆಯ ಕೆಲಸ ಆಗಿದೆ, ಅದನ್ನೂ ಹೇಳಬೇಕು. ಎಣ್ಣೆ, ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಮಿತಿಯನ್ನು ಸರ್ಕಾರ 100ಕ್ಕೆ 5ರಿಂದ 2021ರಲ್ಲಿ 3ಕ್ಕೆ, 2022ರ ಜನವರಿಯಿಂದ 2ಕ್ಕೆ ಇಳಿಸಿತು. ಹಾಗಾಗಿ ಈಗ ಹೊಸ ಡಬ್ಬಗಳ ಮೇಲೆ ಟ್ರಾನ್ಸ್ ಫ್ಯಾಟ್ ಅಂಕಿ ತುಂಬಾ ಸಣ್ಣದು. ಆದರೆ ಡಾಲ್ಡಾ, ಮಾರ್ಗರಿನ್ ಗಟ್ಟಿಯಾಗಿ ನಿಲ್ಲಬೇಕಲ್ಲ, ಅದಕ್ಕೆ ತಾಳೆ ಎಣ್ಣೆಯ ಗಟ್ಟಿ ಭಾಗ ಹಾಕುತ್ತಾರೆ. ಟ್ರಾನ್ಸ್ ಫ್ಯಾಟ್ ಸೊನ್ನೆ ಅಂತ ದೊಡ್ಡದಾಗಿ ಬರೆದ ಡಬ್ಬದ ಹಿಂದೆಯೇ ಸ್ಯಾಚುರೇಟೆಡ್ ಅರ್ಧಕ್ಕರ್ಧ ಇರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಬಿಡಬೇಡಿ.

ಪ್ಯಾಕೆಟ್‌ನಲ್ಲಿ ಇಂಗ್ರೀಡಿಯೆಂಟ್ಸ್ ಪಟ್ಟಿ ಓದಿ. ಯಾವುದು ಜಾಸ್ತಿ ತೂಕ ಹಾಕಿದ್ದಾರೋ ಅದು ಮೊದಲು ಬರಬೇಕು ಅನ್ನುವುದು ನಿಯಮ. ಪಾಮ್ ಆಯಿಲ್, ಪಾಮೋಲಿನ್, ವನಸ್ಪತಿ, ಹೈಡ್ರೋಜನೇಟೆಡ್, ಇಂಟರ್‌ಎಸ್ಟರಿಫೈಡ್, ಮಾರ್ಗರಿನ್, ಬೇಕರಿ ಶಾರ್ಟನಿಂಗ್. ಇದರಲ್ಲಿ ಒಂದು ಮೊದಲ ಮೂರು ಹೆಸರಿನೊಳಗೆ ಬಂದರೆ ನಮ್ಮ ಮನೆಗೆ ತರುವುದಿಲ್ಲ. ಬ್ರೆಡ್ಡಿಗೂ ಇದೇ ಕ್ರಮ. ಮುಂದೆ ‘ಮಲ್ಟಿಗ್ರೇನ್’ ಅಂತಿದ್ದರೂ ಹಿಂದೆ ಮೊದಲ ಹೆಸರು ಮೈದಾನೇ ಆಗಿದ್ದರೆ ಅದು ಮೈದಾ ಬ್ರೆಡ್ಡು.

ಹಾಸನದ ಮಗಳು:
ಅಣ್ಣ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ತಂದೆ ಈಗ ಹೇಗಿದ್ದಾರೆ?

ಬೇಕರಿ ಮನೆಯವನು:
ಚೆನ್ನಾಗಿದ್ದಾರೆ ತಂಗಿ. ದಿನಾ ಬೆಳಿಗ್ಗೆ ನಡೆಯುತ್ತಾರೆ. ಅಂಗಡಿಯಲ್ಲಿ ಈಗ ರಾಗಿ ಬಿಸ್ಕತ್ತು ಬೇರೆ ಎಣ್ಣೆಯಲ್ಲಿ ಮಾಡಿ ನೋಡುತ್ತಿದ್ದೇವೆ. ಗರಿಗರಿ ಸ್ವಲ್ಪ ಕಡಿಮೆ. ಆದರೂ ಕೇಳಿ ತೆಗೆದುಕೊಂಡು ಹೋಗುವವರು ಇದ್ದಾರೆ.

ಲೆಸ್ಟರ್ ಕನ್ನಡಿಗ:
ಇಲ್ಲಿ ಇಂಗ್ಲೆಂಡಿನಲ್ಲಿ ಬಹಳಷ್ಟು ಪ್ಯಾಕೆಟ್ ಮುಂದೆ ಟ್ರಾಫಿಕ್ ಸಿಗ್ನಲ್ ಥರ ಬಣ್ಣ ಹಾಕಿರುತ್ತಾರೆ. 100 ಗ್ರಾಂಗೆ ಸ್ಯಾಚುರೇಟೆಡ್ 1.5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಸಿರು. 5 ದಾಟಿದರೆ ಕೆಂಪು. ನಡುವೆ ಹಳದಿ. ಉಪ್ಪಿಗೆ 100 ಗ್ರಾಂಗೆ 1.5 ಗ್ರಾಂ ದಾಟಿದರೆ ಕೆಂಪು, ನಮ್ಮೂರಿನ ಲೇಬಲ್ ಲೆಕ್ಕದಲ್ಲಿ ಅದು ಸೋಡಿಯಂ 600 ಮಿಲಿಗ್ರಾಂ.

ಊರಿಗೆ ಬಂದಾಗ ಇದೇ ಎರಡು ಅಂಕಿ ನೆನಪಿಟ್ಟುಕೊಂಡು ಅಂಗಡಿಯಲ್ಲಿ ಪ್ಯಾಕೆಟ್ ನೋಡುತ್ತೇನೆ. ಒಂದೂವರೆ, ಐದು. ಯಾವ ದೇಶದ ಪ್ಯಾಕೆಟ್‌ಗೂ ಆಗುತ್ತದೆ. ನಮ್ಮಲ್ಲೂ ಪ್ಯಾಕೆಟ್ ಮುಂದೆ ಗುರುತು ಹಾಕುವ ಮಾತು ವರ್ಷಗಳಿಂದ ನಡೆದಿದೆ. 2022ರಲ್ಲಿ ನಕ್ಷತ್ರ ಕೊಡುವ ಕರಡು ಬಂತು, 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ಆದೇಶ ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ ನಕ್ಷತ್ರಕ್ಕಿಂತ ಕೆಂಪು ಬಣ್ಣವೇ ಬೇಕು. ಓದಲು ಬಾರದವರಿಗೂ ಕೆಂಪು ಅರ್ಥವಾಗುತ್ತದೆ.

ಹಾಸನದ ಮಗಳು:
ವಾರಾಂತ್ಯ ಊರಿಗೆ ಹೋಗಿದ್ದೆ. ಅಡುಗೆಮನೆಯ ಶೆಲ್ಫ್ ಪೂರ್ತಿ ಕೆಳಗಿಳಿಸಿ ಈ ಎರಡು ಅಂಕಿ ಹಿಡಿದು ನೋಡಿದೆ. ಗೋಡಂಬಿ ಬಿಸ್ಕತ್ತು ಕೆಂಪು. ಮಿಕ್ಸ್ಚರ್ ಕೆಂಪು. ನೂಡಲ್ಸ್ ಕೂಡ ಕೆಂಪು, ಅದನ್ನು ಎಣ್ಣೆಯಲ್ಲಿ ಕರಿದು ಒಣಗಿಸಿರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಅವಲಕ್ಕಿ, ಶಾವಿಗೆ, ಹುರಿಗಡಲೆ ಹಸಿರು. ಸಾದಾ ಓಟ್ಸ್ ಹಸಿರಿನ ಅಂಚಿನಲ್ಲಿದೆ. ಮಸಾಲೆ ಓಟ್ಸ್‌ನಲ್ಲಿ ಸೋಡಿಯಂ 600 ದಾಟಿ ಎಲ್ಲೋ ಹೋಗಿತ್ತು. ಅಪ್ಪನಿಗೆ ಬಿಪಿ ಕೂಡ ಇದೆ, ಅದನ್ನು ಎತ್ತಿಟ್ಟೆ.

ಒಂದು ಕಡೆ ಸಿಕ್ಕಿಹಾಕಿಕೊಂಡೆ. ಹಾಲು. ನಮ್ಮ ಮನೆಯಲ್ಲಿ ಇಬ್ಬರಿಗೆ ದಿನಕ್ಕೆ ಒಂದು ಲೀಟರ್, ಫುಲ್ ಕ್ರೀಮ್. ಕಾಫಿ ಗಟ್ಟಿ ಇರಬೇಕು ಅಂತ. 100 ಮಿಲಿಗೆ ನೋಡಿದರೆ ಸಣ್ಣ ಅಂಕಿ. ಇದನ್ನು ಹೇಗೆ ಲೆಕ್ಕ ಹಾಕಲಿ?

ಮೈಸೂರು ಡಯಟಿಷಿಯನ್:
ಹಾಲಿನಲ್ಲೇ ಎಷ್ಟೋ ಮನೆಗಳ ಲೆಕ್ಕ ತಪ್ಪುವುದು. ಅಂಕಿ ಸಣ್ಣದು, ಕುಡಿಯುವುದು ಜಾಸ್ತಿ.

ಫುಲ್ ಕ್ರೀಮ್ ಅಂದರೆ 6 ಪರ್ಸೆಂಟ್ ಕೊಬ್ಬು. ಅಪ್ಪನ ಪಾಲು ಅರ್ಧ ಲೀಟರ್ ಅಂದರೆ ಅದರಲ್ಲಿ 30 ಗ್ರಾಂ ಕೊಬ್ಬು. ಹಾಲಿನ ಕೊಬ್ಬಿನಲ್ಲಿ ಮೂರರಲ್ಲಿ ಎರಡು ಪಾಲು ಸ್ಯಾಚುರೇಟೆಡ್. ಅಂದರೆ 19–20 ಗ್ರಾಂ. ಬಿಸ್ಕತ್ತಿಗಿಂತ ಮೂರು ಪಟ್ಟು! ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ನಂದಿನಿಯ ನೀಲಿ ಪ್ಯಾಕೆಟ್ ಅದೇ. ಅದೇ ಅರ್ಧ ಲೀಟರ್‌ಗೆ 10 ಗ್ರಾಂ ಆಯಿತು. ಡಬಲ್ ಟೋನ್ಡ್ 1.5 ಪರ್ಸೆಂಟ್, 5 ಗ್ರಾಂ. ಪ್ರೋಟೀನು, ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ.

ಒಮ್ಮೆಲೇ ಬದಲಾಯಿಸಿದರೆ ಅಪ್ಪ ಕಾಫಿ ನೀರು ನೀರು ಅಂತ ಬೇಜಾರು ಮಾಡಿಕೊಳ್ಳಬಹುದು. ಮೊದಲು ನೀಲಿ ಪ್ಯಾಕೆಟ್‌ಗೆ ಬನ್ನಿ. ಡಿಕಾಕ್ಷನ್ ಗಟ್ಟಿ ಮಾಡಿ. ಹಾಲು ಕಾಯಿಸಿ ಆರಿಸಿ ಕೆನೆ ತೆಗೆದರೆ ಇನ್ನೂ ಒಳ್ಳೆಯದು, ಆದರೆ ಆ ಕೆನೆಯಿಂದ ಮಾಡಿದ ತುಪ್ಪ ಮತ್ತೆ ಅಪ್ಪನ ತಟ್ಟೆಗೇ ಬರಬಾರದು.

ದಾವಣಗೆರೆ ಬೆಣ್ಣೆ:
ನನ್ನದು ಬೇರೆ ಥರ. ಎಲ್‌ಡಿಎಲ್ ಪರವಾಗಿಲ್ಲ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 280. ಎಣ್ಣೆ ಪೂರ್ತಿ ಬಿಟ್ಟೆ, ‘ಲೋ ಫ್ಯಾಟ್’ ಬಿಸ್ಕತ್ತು, ‘ಲೋ ಫ್ಯಾಟ್’ ಹಣ್ಣಿನ ಮೊಸರು ತಿಂದೆ. ಮೂರು ತಿಂಗಳಿಗೆ 300 ಆಯಿತು. ಏನು ತಪ್ಪಾಯಿತು?

ಮೈಸೂರು ಡಯಟಿಷಿಯನ್:
ನೀವು ನೋಡಬೇಕಾದದ್ದು ‘ಆ್ಯಡೆಡ್ ಶುಗರ್’ ಸಾಲು. ಕೊಬ್ಬು ತೆಗೆದ ಕಡೆ ರುಚಿಗೆ ಸಕ್ಕರೆ ಸೇರಿಸಿರುತ್ತಾರೆ. ಸಕ್ಕರೆ, ಮೈದಾ, ಬಿಳಿ ಅನ್ನ ಜಾಸ್ತಿಯಾದರೆ ಲಿವರ್ ಅದನ್ನೇ ಟ್ರೈಗ್ಲಿಸರೈಡ್ ಮಾಡುತ್ತದೆ. ಮದ್ಯವೂ ಹಾಗೇ. ಪಟ್ಟಿಯಲ್ಲಿ ಗ್ಲುಕೋಸ್ ಸಿರಪ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ದರೆ ಅವೂ ಸಕ್ಕರೆಯ ಹಾಗೆಯೇ ಕೆಲಸ ಮಾಡುತ್ತವೆ. ಒಮ್ಮೆ ಸಕ್ಕರೆ ಕಾಯಿಲೆ ಪರೀಕ್ಷೆಯನ್ನೂ ಮಾಡಿಸಿ, ಎರಡೂ ಜೊತೆಗೆ ಬರುವುದು ಹೆಚ್ಚು.

ನಿವೃತ್ತ ಮೇಷ್ಟ್ರು:
ಹಾಸನದ ಮಗಳು ಮೊದಲು ಬರೆದ ಭಾಷೆಯ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಿಯಮದ ಪ್ರಕಾರ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಬೇರೆ ಭಾಷೆಯನ್ನು ಬೇಕಾದರೆ ಸೇರಿಸಬಹುದು, ಅಷ್ಟೇ. ನಮ್ಮ ಊರಿನ ತಾಯಂದಿರು ಹಾರ್ಟಿಗೆ ಏನು ಒಳ್ಳೆಯದು ಅಂತ ತಿಳಿಯಲು ಇನ್ನೊಂದು ಭಾಷೆ ಕಲಿಯಬೇಕು ಅನ್ನುವುದು ನನಗೆ ನೋವಿನ ಸಂಗತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ 17 ಸೂಚನೆಗಳಲ್ಲಿ ಲೇಬಲ್ ಓದಿ ಅನ್ನುವುದೂ ಒಂದು. ಓದಿ ಅಂದಮೇಲೆ ಓದುವ ಹಾಗೆ ಇರಬೇಕಲ್ಲ.

ಅದಾಗುವ ತನಕ ನಾನೊಂದು ಕೆಲಸ ಮಾಡಿದ್ದೇನೆ. ಅಂಗೈ ಅಗಲದ ಚೀಟಿ. ಎಡಕ್ಕೆ ಪ್ಯಾಕೆಟ್ ಮೇಲಿನ ಇಂಗ್ಲಿಷ್ ಪದದ ಚಿತ್ರ ಹಾಗೇ, ಬಲಕ್ಕೆ ಕನ್ನಡ ಮತ್ತು ಅಂಕಿ. ಮೂರೇ ಸಾಲು: ಸ್ಯಾಚುರೇಟೆಡ್ ಫ್ಯಾಟ್, ಆ್ಯಡೆಡ್ ಶುಗರ್, ಸೋಡಿಯಂ. ಅಕ್ಷರ ಓದಬೇಕಿಲ್ಲ, ಆಕಾರ ಹೋಲಿಸಿದರೆ ಸಾಕು. ನಮ್ಮ ಮನೆಯಾಕೆ ಎರಡೇ ದಿನದಲ್ಲಿ ಕಲಿತಳು.

ಹಾಸನದ ಮಗಳು:
ಮೂರು ತಿಂಗಳಾಯಿತು, ಬಂದು ಹೇಳಲೇಬೇಕು ಅನ್ನಿಸಿತು.

ಮೇಷ್ಟ್ರ ಚೀಟಿಯ ಹಾಗೆ ನಾನೂ ಒಂದು ಮಾಡಿ ಲ್ಯಾಮಿನೇಷನ್ ಮಾಡಿಸಿ ಅಪ್ಪನ ಜೇಬಿಗೆ ಹಾಕಿದೆ. ಜೊತೆಗೆ ಸಣ್ಣ ಭೂತಗನ್ನಡಿ. ಮೊದಲ ವಾರ ತೆಗೆಯಲೇ ಇಲ್ಲ. ಆಮೇಲೆ ಒಂದು ದಿನ ಫೋನ್ ಮಾಡಿ, “ನೀನು ತಂದ ಮಾರಿ ಬಿಸ್ಕತ್ತು ಹಳದಿ ಕಣಮ್ಮ, ಹಸಿರಲ್ಲ” ಅಂದರು. ನನಗೆ ಗಂಟಲು ಕಟ್ಟಿತು. ಈಗ ಅಂಗಡಿಯಲ್ಲಿ ನಿಂತು ಅವರೇ ನೋಡುತ್ತಾರೆ. ಪಕ್ಕದ ಮನೆಯ ದೊಡ್ಡಪ್ಪನೂ ಚೀಟಿ ಕೇಳಿ ಇಸಿದುಕೊಂಡರಂತೆ.

ಹಾಲು ನೀಲಿ ಪ್ಯಾಕೆಟ್ ಆಗಿದೆ. ಬಿಸ್ಕತ್ತು ದಿನಕ್ಕೆ ಎರಡು. ಮೊನ್ನೆ ಪರೀಕ್ಷೆಯಲ್ಲಿ ಎಲ್‌ಡಿಎಲ್ 97. ಮಾತ್ರೆಯ ಪಾಲೇ ದೊಡ್ಡದು ಅಂತ ಡಾಕ್ಟರು ಹೇಳಿದರು, ಊಟ ಹೀಗೇ ಇರಲಿ ಅಂತಲೂ ಹೇಳಿದರು.

ಅಪ್ಪ ಒಂದು ಪ್ರಶ್ನೆ ಕಳಿಸಿದ್ದಾರೆ, ಮೇಡಂಗೆ. ಸಂಜೆ ಬಿಸ್ಕತ್ತಿನ ಬದಲು ಹುರಿದ ಕಡಲೆಕಾಯಿ ಬೀಜ ತಿನ್ನಬಹುದಾ, ಅದರಲ್ಲೂ ಎಣ್ಣೆ ಇದೆಯಲ್ಲ ಅಂತ.

ಮೈಸೂರು ಡಯಟಿಷಿಯನ್:
ಖಂಡಿತ ತಿನ್ನಲಿ. ಒಂದು ಹಿಡಿ, ಸುಮಾರು 30 ಗ್ರಾಂ. ಸ್ಯಾಚುರೇಟೆಡ್ 2 ಗ್ರಾಂ ಅಷ್ಟೇ, ಉಳಿದದ್ದು ಒಳ್ಳೆಯ ಕೊಬ್ಬು. ಸಂತೆಯಲ್ಲಿ ಹಸಿ ಬೀಜ ತಂದು ಮನೆಯಲ್ಲೇ ಬಾಣಲೆಯಲ್ಲಿ ಎಣ್ಣೆ ಹಾಕದೆ ಹುರಿಯಲಿ. ಪ್ಯಾಕೆಟ್ ತಂದರೆ ಚೀಟಿ ಹಿಡಿದು ಸೋಡಿಯಂ ಸಾಲು ನೋಡಲು ಹೇಳಿ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.